ಮಾತಿಗೆ ಇಟ್ಟ ಗಡುವು

ತೀರಿಕೊಂಡವರ ಜೊತೆ ಮಾತಾಡುವ ಯಂತ್ರ ಮಠದ ಪಡಸಾಲೆಗೆ ಬಂದು ಮೂರು ವರ್ಷವಾಗಿತ್ತು. ಒಬ್ಬರಿಗೆ ಒಂದೇ ಕರೆ. ಅಲ್ಲಿಯವರು ಎತ್ತಲು ಎಷ್ಟು ಹೊತ್ತು ಕಾಯಬೇಕು, ಎತ್ತಿದ ಮೇಲೆ ಮಾತು ಬರಲು ಎಷ್ಟು ಹೊತ್ತು, ಎರಡನ್ನೂ ಮೊದಲೇ ಬರೆಸಬೇಕು. ಗಡುವು ಮುಗಿದರೆ ಕರೆ ತಾನೇ ಕಡಿಯುತ್ತದೆ.

ನೀಲಗಂಗವ್ವ ಮಗಳಿಗಾಗಿ ಬಂದಿದ್ದಳು. ಆ ಮಗಳು ತಾಯಿಯ ಮೇಲಿನ ಸಿಟ್ಟಿನಲ್ಲಿ ಮಾತು ಬಿಟ್ಟವಳು ಹಾಗೆಯೇ ತೀರಿಕೊಂಡಿದ್ದಳು.

"ಎತ್ತಾಕ ಒಂದು ನಿಮಿಷ ಸಾಕು, ಅಯ್ಯಾರ."

"ಮಾತಿಗೆ?" ಯಂತ್ರ ನೋಡಿಕೊಳ್ಳುವ ಈರಯ್ಯ ಕೇಳಿದ.

"ಸೊನ್ನಿ ಬರೀರಿ. ಅಕಿ ಮಾತಾಡೂದಿಲ್ಲ. ಎತ್ತಿದ್ಲಂದ್ರ ಸಾಕು, ಎದ್ದು ಹೋಗ್ತೀನಿ."

"ಎಲ್ಲಾರೂ ಇಲ್ಲೇ ತಪ್ಪತಾರ ನೋಡವ್ವಾ. ಸೊನ್ನಿ ಅಂದ್ರ ಗಡುವೇ ಇಲ್ಲ. ಅಕಿ ಮಾತಾಡೋ ತನಕ ಯಂತ್ರ ಕಡಿಯೂದಿಲ್ಲ. ಹೋದ ಶ್ರಾವಣದಾಗ ಸೊನ್ನಿ ಬರಿಸಿದ ಮುದುಕ ಇನ್ನೂ ಆ ಕಂಬಕ್ಕ ಆತು ಕುಂತಾನ."

ನೀಲಗಂಗವ್ವ ಮುದುಕನನ್ನು ನೋಡಿದಳು. ಅವನು ಯಂತ್ರದ ಹಲವು ರಿಸೀವರುಗಳಲ್ಲಿ ಒಂದನ್ನು ಕಿವಿಗೆ ಹಿಡಿದೇ ಅಂಬಲಿ ಕುಡಿಯುತ್ತಿದ್ದ.

"ಸೊನ್ನಿನೇ ಇರಲಿ," ಎಂದಳು.

ಇನ್ನೊಂದು ರಿಸೀವರನ್ನು ಕಿವಿಗಿಟ್ಟ ಅರ್ಧ ನಿಮಿಷಕ್ಕೆ ಆಚೆ ಎತ್ತಿದ ಸದ್ದಾಯಿತು. ಮಾತು ಬರಲಿಲ್ಲ. ನೀಲಗಂಗವ್ವ ನೆಲದ ಮೇಲೆ ಕಾಲು ಮಡಚಿ ಕುಳಿತಳು.

"ಅವಸರಿಲ್ಲವ್ವಾ," ಎಂದಳು.