ಕೆಂಪು ಬಾಲ

“ಇವು ನಮ್ಮ ಮೀನಲ್ಲ,” ಎಂದು ದ್ವಾರಕನಾಥ ಗಾಜಿನ ತೊಟ್ಟಿಯಿಂದ ಮುಖ ತೆಗೆದ.

ತೊಟ್ಟಿಯ ಒಡತಿ ಫ್ರೌ ಲೋರೆನ್ಸ್ ಪೆಚ್ಚಾದರು. ನಾಳಿದ್ದು ಅವರು ವೃದ್ಧಾಶ್ರಮ ಸೇರಬೇಕು. ಅಲ್ಲಿ ಮೀನಿಗೆ ಜಾಗವಿಲ್ಲ. ಎಂದೋ ತಿಪಟೂರಿನ ಎಣ್ಣೆ ಮಿಲ್ಲಿಗೆ ಯಂತ್ರ ಕೂರಿಸಲು ಹೋಗಿದ್ದ ಅವರ ಗಂಡ, ಅಲ್ಲಿ ಯಾರದೋ ಮನೆಯ ಬಾವಿಯಿಂದ ನಾಲ್ಕು ಮೀನು ತಂದಿದ್ದರು. ತೊಟ್ಟಿಯಲ್ಲಿರುವುದೆಲ್ಲ ಆ ನಾಲ್ಕರ ಸಂತಾನ. ಮೀನು ಸಾಕುವವರು ಬೇಕಾಗಿದ್ದಾರೆ ಎಂದು ಆಕೆ ಕೊಟ್ಟಿದ್ದ ಜಾಹೀರಾತಿನಲ್ಲಿ ತಿಪಟೂರು ಎಂಬ ಹೆಸರು ಕಂಡದ್ದೇ ತಡ, ದ್ವಾರಕನಾಥ ಟ್ರಾಮ್ ಹಿಡಿದು ಜರ್ಮನಿಯ ಯೇನಾ ನಗರದ ಆ ತುದಿಯಿಂದ ಈ ತುದಿಗೆ ಓಡಿಬಂದಿದ್ದ. ಹುಟ್ಟಿದೂರಿನ ಹೆಸರು ಕೇಳಿದರೆ ಯಾರ ಕಾಲು ತಾನೇ ನಿಲ್ಲುತ್ತದೆ?

“ನಮ್ಮ ಮನೆ ಬಾವಿಯ ಮೀನಿಗೆ ಕೆಂಪು ಬಾಲ. ಇವಕ್ಕೆ ಬರೀ ಬಿಳಿ,” ಎಂದ. ಅಷ್ಟಕ್ಕೇ ಬಿಡಬಹುದಿತ್ತು. ಆದರೆ ವಿಶ್ವವಿದ್ಯಾಲಯದಲ್ಲಿ ಜೀವಿಗಳ ವಂಶಗುಣವನ್ನೇ ಪಾಠ ಮಾಡುವವನು, ಬಾಯಿ ಸುಮ್ಮನಿರಬೇಕಲ್ಲ! “ಹೊರಗಿನ ಸಂಪರ್ಕವೇ ಇಲ್ಲದ ಪುಟ್ಟ ಗುಂಪಿನಲ್ಲಿ ಹೀಗೇ ಆಗೋದು. ಯಾವ ಗುಣ ಉಳಿಯುತ್ತೆ, ಯಾವುದು ಅಳಿಯುತ್ತೆ ಅನ್ನೋದು ಬರೀ ಅದೃಷ್ಟ. ತಲೆಮಾರು ಕಳೆದ ಹಾಗೆ ಕೆಂಪು ಹೊರಟುಹೋಗಿದೆ. ಯಾರ ತಪ್ಪೂ ಅಲ್ಲ.”

“ನನ್ನ ಗಂಡ ಕೆಂಪಿನ ಮಾತೇ ಎತ್ತಿರಲಿಲ್ಲ,” ಎಂದರು ಆಕೆ ಮೆಲ್ಲಗೆ.

ಮರೆತಿರುತ್ತಾರೆ, ಎಂದುಕೊಂಡ. ತಾನು ಮರೆಯುವುದುಂಟೆ? ಅಜ್ಜಿ ನೀರು ಸೇದುವಾಗ ಒಮ್ಮೊಮ್ಮೆ ಬಕೆಟ್ಟಿನಲ್ಲಿ ಮೀನು ಬಂದುಬಿಡುತ್ತಿತ್ತು. ಅದನ್ನು ಮತ್ತೆ ಬಾವಿಗೆ ಬಿಡುವುದು ಅವನ ಕೆಲಸ. ಈಗ ಆ ಬಾವಿಯ ಬಾಯಿಗೆ ಚಪ್ಪಡಿ ಎಳೆದಿದ್ದಾರೆ. ಇಲ್ಲಿ ಪ್ರತಿ ವರ್ಷ ಅವನ ಮೊದಲ ಪಾಠ ಶುರುವಾಗುವುದೇ ಆ ಕೆಂಪು ಬಾಲದಿಂದ. ತೊಟ್ಟಿಯ ಫೋಟೋ ತೆಗೆದು ಊರಲ್ಲಿರುವ ಅಕ್ಕ ಪ್ರೇಮಕುಮಾರಿಗೆ ಕಳಿಸಿ, ಫೋನು ಮಾಡಿದ.

“ನೋಡಕ್ಕ, ತಿಪಟೂರಿನ ಮೀನು ಜರ್ಮನಿಗೆ ಬಂದು ಬಣ್ಣಾನೇ ಕಳ್ಕೊಂಡಿದೆ.”

“ಅಯ್ಯೋ, ಥೇಟ್ ನಮ್ಮ ಬಾವಿ ಮೀನೇ ಇದ್ದ ಹಾಗಿದೆಯಲ್ಲೋ!”

“ನಮ್ಮದಕ್ಕೆ ಕೆಂಪು ಬಾಲ ಅಲ್ವೇನಕ್ಕ?”

“ಅದು ಪಕ್ಕದ ಶೈಲೇಶನ ಮನೆ ಬಾವೀದು ಕಣೋ. ನಮ್ಮದೆಲ್ಲ ಬಿಳೀನೇ. ನಂಗೂ ಕೆಂಪಿಂದೇ ಬೇಕು ಅಂತ ನೀನು ರಚ್ಚೆ ಹಿಡಿದು, ಅಜ್ಜಿ ಕೈಲಿ ಒದೆ ತಿಂದಿದ್ದೆ. ಮರೆತ್ಯಾ?”

ದ್ವಾರಕನಾಥ ಫೋನು ಹಿಡಿದುಕೊಂಡೇ ತೊಟ್ಟಿಯ ಮುಂದೆ ಕುಕ್ಕರಿಸಿದ. ಬಿಳಿ ಬಾಲಗಳು ಒಂದೊಂದಾಗಿ ಅವನ ಮುಖದ ಹತ್ತಿರಕ್ಕೇ ಬಂದವು. ಕನ್ನಡ ತಿಳಿಯದ ಫ್ರೌ ಲೋರೆನ್ಸ್ ಅವನನ್ನೇ ನೋಡುತ್ತ ನಿಂತಿದ್ದರು.

“ಮನೇಲಿ ಬಕೆಟ್ ಇದೆಯಾ?” ಎಂದು ಆಕೆಯನ್ನು ಕೇಳಿದ.