ಷೋಕೇಸಿನ ಡಬ್ಬಿ

ಗದಗಿನ ಒಂದು ಮನೆ... ಇಬ್ಬರು ಸೊಸೆಯಂದಿರು. ಇಬ್ಬರೂ ಒಟ್ಟಿಗೇ ಬಸುರಿಯರು!

ಹಿರಿಯವಳು ಕಸ್ತೂರಿ. ತಾಯಿಯಿಲ್ಲದ ತವರು. ಆಶಾ ಕಾರ್ಯಕರ್ತೆ ತಂದುಕೊಡುವ ಕಬ್ಬಿಣಾಂಶದ ಕೆಂಪು ಗುಳಿಗೆಯೇ ಅವಳ ಪಾಲಿನ ಟಾನಿಕ್.

ಕಿರಿಯವಳು ತೇಜಸ್ವಿನಿ. ಅವಳಿಗೆ ತವರಿನಿಂದ ಕೊರಿಯರ್‌ನಲ್ಲಿ ದೊಡ್ಡ ಡಬ್ಬಿ ಬಂತು... ಗರ್ಭಿಣಿಯರಿಗೆಂದೇ ಮಾಡಿದ ಪ್ರೋಟೀನ್ ಪೌಡರ್. ಅದನ್ನು ಹಾಲ್‌ನ ಷೋಕೇಸಿನಲ್ಲೇ ಇಟ್ಟಳು.

ಕಸ್ತೂರಿಯ ಹೊಟ್ಟೆಯಲ್ಲಿ ಕೂಸಿನ ಜೊತೆಗೆ ಕಿಚ್ಚೂ ಬೆಳೆಯತೊಡಗಿತು.

"ನೋಡ್ರಿ ಅತ್ತಿ, ಮಂದಿ ಕಣ್ಣಿಗೆ ಬೀಳೋಹಂಗ ಇಟ್ಟಾಳ! ತವರಿನ ಡಂಗುರ ಹೊಡ್ಯಾಕ!"

"ಸುಮ್ನಿರು ಮಾರಾಯ್ತಿ. ನಿನ್ನ ಗಂಡ ಹೊಟ್ಟ್ಯಾಗಿದ್ದಾಗ ನಾ ತಿಂದಿದ್ದು ಶೇಂಗಾ-ಬೆಲ್ಲ. ಎತ್ತಿನಂಗ ಬೆಳದಾನಿಲ್ಲೋ?" ಎಂದು ಅತ್ತೆ ನಕ್ಕರು.

ಕಸ್ತೂರಿ ನಗಲಿಲ್ಲ. 'ಆಕಿ ಕೂಸಿಗೆ ಡಬ್ಬಿ... ನನ್ನ ಕೂಸಿಗೆ ಪುಕ್ಕಟೆ ಗುಳಿಗಿ!'

ಅಂದಿನಿಂದ ಗುಳಿಗೆಗಳು ಮೋರಿ ಸೇರಿದವು...

ಮುಂದಿನ ತಪಾಸಣೆಗೆ ಇಬ್ಬರೂ ಒಟ್ಟಿಗೇ ಹೋದಾಗ ನರ್ಸ್ ಹುಬ್ಬು ಗಂಟಿಕ್ಕಿದರು. "ಏನವಾ ಕಸ್ತೂರಿ, ಮೈಯಾಗ ರಕ್ತನ ಇಲ್ಲಲ್ಲ! ಕೂಸು ಹೆಂಗ ಬೆಳೀಬೇಕು? ತೇಜಸ್ವಿನಿನ್ನ ನೋಡು, ರಕ್ತ ಎಷ್ಟು ಚಲೋ ಐತಿ."

"ಆಕಿಗೇನ್ರಿ ಸಿಸ್ಟರ್, ಡಬ್ಬಿ ಕಳಸಾಕ ಅವ್ವ ಅದಾಳ!" ಕಸ್ತೂರಿ ಸಿಡಿದಳು.

ತೇಜಸ್ವಿನಿಯ ಮುಖ ಬಾಡಿತು.

"ಅಕ್ಕಾ... ಆ ಡಬ್ಬಿ ನಾ ಒಡದೇ ಇಲ್ಲ. ದಿನಾ ನುಂಗೂದು ಇದೇ ಕೆಂಪು ಗುಳಿಗಿ."

"ಮತ್ಯಾಕ ಇಟ್ಟೀದಿ ಅಲ್ಲೆ?"

"ನಾ ಮೆಚ್ಚಿ ಮದುವಿ ಆದಾಗಿಂದ ಅವ್ವ ನನ್ನ ಕೂಡ ಮಾತಾಡಿಲ್ಲ. ಡಬ್ಬಿ ನೋಡಿ, ಸಿಟ್ಟು ಇಳೀತು ಅಂತ ನೀವೆಲ್ಲಾ ತಿಳಕೊಂಡ್ರಿ. ಡಬ್ಬಿ ಬಂತು ಅಕ್ಕಾ... ಅವ್ವ ಬರಲಿಲ್ಲ. ಫೋನ್ ಸುದ್ದಾ ಎತ್ತಲಿಲ್ಲ. ಅದನ್ನ ಒಡದು ಕುಡದ್ರ... ಅದೂ ಮುಗದ ಹೋಗತೈತಲ್ಲ..."

ಇಷ್ಟು ದಿನ ಒಂದೇ ಸೂರಿನಡಿ ಇದ್ದೂ, ಈ ಹುಡುಗಿಯೂ ತನ್ನಂತೆಯೇ ಅವ್ವನಿಗಾಗಿ ಹಂಬಲಿಸುತ್ತಿದ್ದಾಳೆಂದು ಕಸ್ತೂರಿಗೆ ಕಂಡಿರಲೇ ಇಲ್ಲ...

"ತೇಜು... ನಾ ಗುಳಿಗಿ ಎಲ್ಲಾ ಮೋರಿಗೆ ಚೆಲ್ಲಿಬಿಟ್ಟೆ. ನನ್ನ ಕೂಸಿಗೆ ನಾನೇ ವೈರಿ ಆದೆ..."

"ಇನ್ನೂ ಟೈಮ್ ಐತ್ವಾ," ಎಂದರು ನರ್ಸ್, ಹೊಸ ಗುಳಿಗೆ ಕೊಡುತ್ತಾ. "ಇನ್ನ ಒಂದು ದಿನಾನೂ ತಪ್ಪಸಬ್ಯಾಡ. ನುಂಗಿದ ಕೂಡ್ಲೇ ಚಾ ಕುಡೀಬ್ಯಾಡ ಮತ್ತ, ಗುಳಿಗಿ ಮೈಗೆ ಹತ್ತೂದಿಲ್ಲ!"

ಅಳುವಿನ ನಡುವೆಯೇ ಇಬ್ಬರಿಗೂ ನಗು ಬಂತು.

ಕಸ್ತೂರಿ ತೇಜಸ್ವಿನಿಯ ಕೈ ಹಿಡಿದಳು. "ಅಳಬ್ಯಾಡ. ನಮ್ಮಿಬ್ಬರೊಳಗ ಯಾರು ಮೊದಲ ಹಡೀತಾರೋ... ಇನ್ನೊಬ್ಬಾಕಿ ಅವರಿಗೆ ಅವ್ವ ಆಗಿ ಬಾಣಂತನ ಮಾಡೂದು. ಆತಿಲ್ಲೋ?"

🌸 ಪಕ್ಕದ ತಟ್ಟೆ ನೋಡಿ ಹೊಟ್ಟೆ ಉರಿಸಿಕೊಂಡವರು ತಮ್ಮ ತಟ್ಟೆಯ ತುತ್ತನ್ನೂ ಕಳೆದುಕೊಳ್ಳುತ್ತಾರೆ.

ನೀವು ಯಾರನ್ನು ಕಂಡು ಕರುಬುತ್ತೀರೋ... ಅವರ ಪಕ್ಕ ಕೂತು "ಹೆಂಗಿದ್ದೀಯಾ?" ಅಂತ ಎಂದಾದರೂ ಕೇಳಿದ್ದೀರಾ?