ಗುಡ್ಡದ ಗೇಟು, ರತ್ನಾವತಿಯಕ್ಕನ ಚೀಲ

"ಚೀಲ ತೋರಿಸಿ ರತ್ನಾವತಿಯಕ್ಕ."

ಕೊನೆಗೂ ಕೇಳಿಯೇಬಿಟ್ಟ ಮೋಹನದಾಸ್. ಗೇಟಿನಾಚೆ ಕಾಲಿಟ್ಟಿದ್ದ ಮುದುಕಿ ನಗುತ್ತಾ ಚೀಲ ಕೊಡವಿದರು. ಮೈ ಒರೆಸುವ ಹಳೆಯ ಬೈರಾಸೊಂದು ಬಿತ್ತು, ಅಷ್ಟೇ. ಇವನ ಮುಖ ಇಂಗು ತಿಂದ ಮಂಗನಂತಾಯಿತು.

ದೇರೆಬೈಲಿನ ಆಚೆಗಿನ ಆ ಗುಡ್ಡದ ಕಲ್ಲುರಾಶಿ ಮೂರು ಸಾವಿರ ವರ್ಷ ಹಳೆಯ ಸಮಾಧಿ. ಸುತ್ತ ಬೇಲಿ, ಮುಂದೆ ಪುರಾತತ್ವ ಇಲಾಖೆಯ ನೀಲಿ ಫಲಕ, ಕಾವಲಿಗೆ ಮೋಹನದಾಸ್. ದುಬೈಯ ಮಾಲ್ ಕಾದವನಿಗೆ ಕಲ್ಲು ಕಾಯುವುದೇನು ಮಹಾ ಎಂದುಕೊಂಡು ಸೇರಿದ್ದ. ಇನ್ನೂರ ಹನ್ನೆರಡು ಉರುಟು ಕಲ್ಲುಗಳಿಗೆ ಎಣಿಸದೆಯೇ ಸಹಿ ಹಾಕಿದ್ದ. ಕಲ್ಲನ್ನು ಯಾರು ಕದಿಯುತ್ತಾರೆ!

ಬುಧವಾರ ಇಲಾಖೆಯ ಡ್ಯಾಫ್ನಿ ಮೇಡಂ ಹಳೆಯ ನಕ್ಷೆ ಹಿಡಿದು ಎಣಿಸಲು ಬರುವವರಿದ್ದರು. ಸರಿಯಿದ್ದರೆ ಕೆಲಸ ಕಾಯಂ. ಇಲ್ಲದಿದ್ದರೆ ಮನೆಗೆ. ಇವನೇ ಎಣಿಸಿ ನೋಡೋಣವೆಂದರೆ ಧೈರ್ಯ ಸಾಲದು.

ಅನುಮಾನವೆಲ್ಲ ಈ ಮುದುಕಿಯ ಮೇಲೆಯೇ. ಎರಡು ತಿಂಗಳ ಹಿಂದೆ ಮೊದಲ ಸಲ ಬಂದಾಗ ಫಲಕ ಓದಿಸಿಕೊಂಡಿದ್ದರು. "ಸತ್ತವರನ್ನು ಇಟ್ಟ ಜಾಗವಾ? ಅಯ್ಯೋ, ನಮಗೆ ಗೊತ್ತೇ ಇರ್ಲಿಲ್ಲ ಮಾರಾಯ!" ಎಂದು ಕೆನ್ನೆಗೆ ಕೈಯಿಟ್ಟಿದ್ದರು. ಅಲ್ಲಿಂದ ಪ್ರತಿ ಶನಿವಾರ ಹಾಜರು. ಫಳ್ನೀರಿನ ಫ್ಲ್ಯಾಟುಗಳಲ್ಲಿ ಬಾಲ್ಕನಿ ತೋಟಕ್ಕೆ ಇಂಥ ಕಲ್ಲುಗಳನ್ನೇ ಹುಡುಕುತ್ತಾರಂತೆ. ಮುದುಕಿ ಬಂದುಹೋದ ಮೇಲೆ ರಾಶಿಯ ಚಹರೆ ಬದಲಾದ ಹಾಗೆ ಬೇರೆ ಕಾಣುತ್ತಿತ್ತು.

ಬೈರಾಸು ಮಡಚುತ್ತಾ ರತ್ನಾವತಿಯಕ್ಕ ಮಾತು ತಿರುಗಿಸಿದರು. "ಈ ವರ್ಷ ನಮ್ಮ ಓಣಿಯಲ್ಲಿ ಯಾರ ಭರಣಿಯಲ್ಲೂ ಉಪ್ಪು ಮಾವಿನಕಾಯಿ ಮುಳುಗಿ ನಿಲ್ಲುದಿಲ್ಲ. ಮೇಲೆ ಭಾರ ಇಲ್ಲದಿದ್ರೆ ತೇಲ್ತದೆ. ಎಂತ ಮಾಡುದು?"

"ನೀರು ತುಂಬಿಸಿದ ಬಾಟ್ಲಿ ಇಡಿ," ಎಂದು ಇವನು ಗೊಣಗಿದ.

"ಒಳ್ಳೆ ಐಡಿಯಾ! ಪಕ್ಕದ ಮನೆಯ ಡೈಸಿಬಾಯಿಗೂ ಹೇಳ್ತೇನೆ. ಸೋಮವಾರ ಇನ್ನೊಂದೇ ಸಲ ಬರ್ತೇನೆ ಮಗಾ. ಮತ್ತೆ ನೀನು ಕರೆದ್ರೂ ಬರುದಿಲ್ಲ."

ಸೋಮವಾರ ಮುದುಕಿ ಏದುಸಿರು ಬಿಡುತ್ತಾ ಗುಡ್ಡ ಹತ್ತಿದರು. ಮೋಹನದಾಸ್ ಸೆಲ್ಯೂಟ್ ಹೊಡೆದು ಗೇಟು ತೆರೆದ. ಮಾಲ್ ಕಲಿಸಿದ ಪಾಠವೇ ಅದು: ಒಳಗೆ ಬರುವವರಿಗೆ ನಗು, ಹೊರಗೆ ಹೋಗುವವರಿಗೆ ತಪಾಸಣೆ. ಹೊರಡುವಾಗ ಚೀಲದ ಮೂಲೆಮೂಲೆ ತಡಕಿದ. ಖಾಲಿ. ಅಕ್ಕ ಕೈಬೀಸಿಕೊಂಡು ಹಗುರಾಗಿ ಇಳಿದುಹೋದರು.

ಬುಧವಾರ ಡ್ಯಾಫ್ನಿ ಮೇಡಂ ಒಮ್ಮೆ ಎಣಿಸಿದರು. ಹುಬ್ಬು ಗಂಟಿಕ್ಕಿ ಮತ್ತೊಮ್ಮೆ ಎಣಿಸಿದರು.

"ಇನ್ನೂರ ಹನ್ನೆರಡು!" ಎಂದರು ಮೇಡಂ.

ಮೋಹನದಾಸ್‌ಗೆ ಖುಷಿಯಲ್ಲಿ ಕುಣಿಯುವಂತಾಯಿತು. ಪಾಪ, ಅಕ್ಕನನ್ನು ಸುಮ್ಮನೆ ಕಳ್ಳಿ ಮಾಡಿದೆನಲ್ಲ!

"ಕೆಲಸ ಕಾಯಂ, ಬರೆದುಕೊಡ್ತೇನೆ," ಎಂದ ಮೇಡಂ ನಕ್ಷೆ ಮಡಚಲೇ ಇಲ್ಲ. "ಆದ್ರೆ ನಿನಗೆ ಹೇಳಿರ್ಲಿಲ್ಲ. ನೀನು ಬರುವ ಎಷ್ಟೋ ವರ್ಷ ಮೊದಲೇ ಒಂಬತ್ತು ಕಲ್ಲು ನಾಪತ್ತೆ. ಇನ್ನೂರ ಮೂರು ಸಿಕ್ಕಿದ್ರೂ ನಾನು ಪಾಸ್ ಮಾಡ್ತಿದ್ದೆ."

ಅವರು ಬಗ್ಗಿ, ತುದಿಯ ಕಲ್ಲಿಗೆ ಮೂಗು ತಾಗಿಸಿದರು. "ಅಲ್ಲ ಮಾರಾಯ, ಮೂರು ಸಾವಿರ ವರ್ಷದ ಸಮಾಧಿಗೆ ಉಪ್ಪು ಮಾವಿನಕಾಯಿಯ ಪರಿಮಳ ಎಲ್ಲಿಂದ ಬಂತು?"